ನಿಜಗುಣಪ್ಪನ ಟಬ್ಬಿನಲ್ಲಿ ಸಮುದ್ರ

ಸೊಸೆ ಬಂದದ್ದು ಸಂತೋಷದ ಸಂಗತಿಯೇ. ತೊಂದರೆ ಆದದ್ದು ಅವಳ ಜೊತೆ ಬಂದ ನೀಲಿ ಟಬ್ಬಿನಿಂದ.

ಮನೋಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನಿಜಗುಣಪ್ಪ ಬೆಳಗಿನ ಚಹಾ ಮುಗಿಸಿ, ಮನೆಗೆ ಹತ್ತಿಕೊಂಡೇ ಇರುವ ಗಿರಣಿಯ ಬಾಗಿಲು ತೆಗೆಯಲು ಹೊರಟಿದ್ದ. ಮನೆಯ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಸೊಸೆ ಮಧು ಇಳಿದಳು. ಅವಳ ಹಿಂದೆ ಡ್ರೈವರ್ ಒಂದು ಟಬ್ಬನ್ನು ತಬ್ಬಿಕೊಂಡು, ಹಸುಗೂಸನ್ನು ಸ್ನಾನಕ್ಕೆ ಒಯ್ಯುವವನಂತೆ ಹೆಜ್ಜೆಹೆಜ್ಜೆಗೂ ನೆಲ ನೋಡುತ್ತ ಬಂದ. ಟಬ್ಬಿನ ಅಂಚಿಗೆ ಸಿಕ್ಕಿಸಿದ್ದ ಬ್ಯಾಟರಿಯ ಪುಟ್ಟ ಯಂತ್ರವೊಂದು ನೀರೊಳಗೆ ಗಾಳಿ ಊದುತ್ತ ಗುಳುಗುಳು ಎನ್ನುತ್ತಿತ್ತು.

"ಆರಾಮ ಅದೀರಿಲ್ರಿ ಮಾವಾರ? ಅತ್ತಿಯಾರ ಎಲ್ಲೆ?"

"ಉಗರಗೋಳಕ್ಕ ತಂಗಿ ಮನಿಗೆ ಹೋಗ್ಯಾಳ, ಸಂಜಿಕೆ ಬರತಾಳ. ಇದೇನ ತಂದೀಯವ್ವಾ?"

ಮಧು ಮುಚ್ಚಳ ತೆಗೆದಳು. ಒಳಗೆ ಕೆಂಪು ಬೆರೆತ ಕಂದು ಬಣ್ಣದ ಎಳೆಗಳು, ಮದರಂಗಿ ಹಚ್ಚಿಕೊಂಡ ಮುದುಕಿಯೊಬ್ಬಳು ತುರುಬು ಬಿಚ್ಚಿ ನೀರಿಗೆ ಇಳಿಬಿಟ್ಟಂತೆ ತೇಲುತ್ತಿದ್ದವು.

"ಸಮುದ್ರದ ಪಾಚಿ ಅಂತಾರಲ್ರಿ, ಅದು. ಕಾರವಾರದ ಕಡೆ ನಮ್ಮ ದಂಡಿ ಗುಂಟ ಮೊದಲ ಇದು ಬಾಳ ಇತ್ತು. ಮೀನ ಇದರಾಗ ತತ್ತಿ ಇಡತಿದ್ವು, ಮರಿಗೋಳು ಇದರಾಗ ಅಡಗಿ ಬದುಕತಿದ್ವು. ದೊಡ್ಡ ದೋಣಿ ಬಲಿ ಹಾಕಿ ತಳ ಎಳದೂ ಎಳದೂ ಎಲ್ಲಾ ಬೋಳ ಆತ್ರಿ. ಈ ಜಾತಿದು ಈಗ ಅಲ್ಲಿ ಒಂದ ಎಳಿನೂ ಉಳದಿಲ್ಲ. ಪುಣ್ಯಾಕ್ಕ ಹಿಂದ ಯಾರೋ ಒಂದೀಟ ಬೀಜ ತಮಿಳುನಾಡಿನ ಪ್ರಯೋಗಾಲಯದಾಗ ಇಟ್ಟಿದ್ರು. ಅದನ್ನ ತರಾಕ ಹೋಗಿದ್ನಿ. ಇದನ್ನ ಹಗ್ಗಕ್ಕ ಕಟ್ಟಿ ನೀರಾಗ ಇಳಿಬಿಡತೇವಿ. ಮೀನುಗಾರರ ಹೆಣಮಕ್ಕಳು ಬೆಳಸತಾರ. ಅರ್ಧ ಕೊಯ್ಕೊಳ್ಳೂದು, ಅರ್ಧ ಸಮುದ್ರಕ್ಕ ಬಿಡೂದು. ಬಿಟ್ಟದ್ದು ತಾನ ಹಬ್ಬತೈತಿ. ಮೀನ ತಿರಗಿ ಬರತಾವ."

ನಿಜಗುಣಪ್ಪ ತಲೆಯಾಡಿಸಿದ. "ಅಂದ್ರ ಸಮುದ್ರದಾಗ ಬಿತ್ತಗಿ ಮಾಡಾಕ ಹೊಂಟೀಯಂದಂಗಾತು."

"ಹೌದ್ರಿ ಮಾವಾರ, ಬಿತ್ತಗೀನ." ಮಧು ಸ್ವಲ್ಪ ತಡೆದಳು. "ನಿಮ್ಮ ಕಡಿಂದ ಒಂದ ಕೆಲಸ ಆಗಬೇಕಿತ್ತು. ಸವದತ್ತಿ ಕಾಲೇಜಿನ್ಯಾರ ಮಾತಾಡಾಕ ಕರದಾರ. ಊಟದ ಹೊತ್ತ ದಾಟಿದ ಮ್ಯಾಲ ಬರತೇನಿ. ಸಂಜಿಮುಂದ ಕಾರವಾರದ ಗಾಡಿ ಇಲ್ಲಿಗೇ ಬರತೈತಿ. ಅಲ್ಲೀತನಕ ಇದನ್ನ ಸಂಬಾಳಿಸ್ತೀರೇನ್ರಿ?"

ಆ ಮಾತು ಕೇಳಿ ನಿಜಗುಣಪ್ಪನ ಕಣ್ಣು ತೇವವಾದವು. ಅದಕ್ಕೆ ಕಾರಣವಿತ್ತು.

ಹೋದ ವರ್ಷ ಇದೇ ದಿನಗಳಲ್ಲಿ ಅವನು ಎದೆ ಹಿಡಿದುಕೊಂಡು ಗಿರಣಿಯಲ್ಲೇ ಬಿದ್ದಿದ್ದ. ಎದುರು ಮನೆಯ ಲಗಮಣ್ಣ ತನ್ನ ಟಂಟಂನಲ್ಲಿ ಹಾಕಿಕೊಂಡು ಧಾರವಾಡದ ಆಸ್ಪತ್ರೆಗೆ ಒಯ್ದಿದ್ದ. ಪಕ್ಕದ ಮನೆಯ ಕಾಡವ್ವ ದಾರಿಯುದ್ದಕ್ಕೂ ಅವನ ಅಂಗಾಲು ತಿಕ್ಕುತ್ತ ಕುಳಿತಿದ್ದಳು. ಹಿಂದಿನ ಮನೆಯ ಸತ್ಯವ್ವ ಆ ತಿಂಗಳೆಲ್ಲ ಮನೆಮಂದಿಗೆ ರೊಟ್ಟಿ ಬಡಿದು ಕಳಿಸಿದ್ದಳು. ಮಧುವಂತೂ ಕಾರವಾರದಿಂದ ಓಡಿಬಂದು ಆಸ್ಪತ್ರೆ ಬಿಟ್ಟು ಕದಲಲೇ ಇಲ್ಲ. ಆಮೇಲೆ ಮಗ ಗೌರೀಶ ಒಂದು ದಿನ ಮಾತಿನಲ್ಲಿ ಬಾಯಿಬಿಟ್ಟಿದ್ದ: ಅದು ಸಮುದ್ರದಲ್ಲಿ ಬೀಜ ಇಳಿಬಿಡುವ ಹಂಗಾಮು, ಅವಳು ಇಲ್ಲಿದ್ದದ್ದರಿಂದ ಆ ವರ್ಷದ ಬಿತ್ತನೆಯೇ ತಪ್ಪಿಹೋಯಿತು. ಮಧು ಮಾತ್ರ ಆ ಬಗ್ಗೆ ಒಂದು ಸೊಲ್ಲೂ ಎತ್ತಿರಲಿಲ್ಲ.

ಅಂದಿನಿಂದ ನಿಜಗುಣಪ್ಪನಿಗೆ ಯಾರಿಗೂ ಇಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಗಿರಣಿಯಲ್ಲಿ ಲಗಮಣ್ಣನ ಜೋಳಕ್ಕೆ ಪಾಳಿ ಇರಲಿಲ್ಲ, ಬಂದ ಕೂಡಲೇ ಬೀಸಿಕೊಡುತ್ತಿದ್ದ. ಕಾಡವ್ವನ ಮೊಣಕಾಲಿನ ಕಥೆಯನ್ನು ಅವನು ಎಷ್ಟು ಸಲ ಕೇಳಿದ್ದನೆಂದರೆ, ಕೆಲವೊಮ್ಮೆ ನೋವು ತನ್ನ ಮೊಣಕಾಲಿಗೇ ಬಂದಂತಾಗುತ್ತಿತ್ತು. ಆದರೆ ಮಧು ಇವತ್ತಿನವರೆಗೂ ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಇದೊಂದೇ.

"ನನ್ನ ಜೀವದಂಗ ನೋಡ್ಕೋತೇನವ್ವಾ, ನೀ ಹೋಗಿಬಾ," ಎಂದ.

"ಬಿಸಲ ಬೀಳಬಾರದು. ಈ ಯಂತ್ರ ನಿಂತ್ರ ಕೈಲೆ ತಿರವ್ರಿ. ಮತ್ತ ಸಿಹಿನೀರ ಮಾತ್ರ ಒಂದ ಹನಿ ಬೀಳಗೊಡಬ್ಯಾಡ್ರಿ. ಇದು ಉಪ್ಪನೀರಿನ ಜೀವ." ಮಧು ಮುಖ ತೊಳೆದು, ಸೀರೆ ಬದಲಿಸಿ, ಅದೇ ಕಾರಿನಲ್ಲಿ ಸವದತ್ತಿಗೆ ಹೋದಳು.

ನಿಜಗುಣಪ್ಪ ಟಬ್ಬನ್ನು ಪಡಸಾಲೆಯ ತಂಪಿನ ಮೂಲೆಯಲ್ಲಿರಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತವನಂತೆ ಕೂತ.

ಲಗಮಣ್ಣ ಜೋಳದ ಚೀಲ ಹೊತ್ತು ಒಳಬಂದ. ಟಂಟಂ ಕೊಳ್ಳುವ ಮುಂಚೆ ಅವನು ಕರೆಂಟಿನ ಕಂಬ ಹತ್ತುವ ಕೆಲಸದಲ್ಲಿದ್ದವ. ಗುಳುಗುಳು ಸದ್ದು ಕೇಳಿ ಚೀಲ ಅಲ್ಲಿಯೇ ಇಳಿಸಿದ.

"ಏನ್ರಿ ಅಣ್ಣಾರ, ಪಡಸಾಲ್ಯಾಗ ಹುಕ್ಕಾ ಸೇದಾಕ ಹತ್ತೀರಿ?"

ನಿಜಗುಣಪ್ಪ ಎಲ್ಲವನ್ನೂ ವಿವರಿಸಿದ. ಲಗಮಣ್ಣ ಯಂತ್ರವನ್ನು ಹತ್ತಿರದಿಂದ ನೋಡಿ ಮುಖ ಗಂಟಿಕ್ಕಿದ. "ಈ ಬ್ಯಾಟರಿ ಸಂಜೀತನಕ ಬಾಳಂಗಿಲ್ರಿ. ಈಗ ನೋಡ್ರಿ, ದಮ್ಮ ಹತ್ತೇತಿ ಇದಕ್ಕ. ಸೀದಾ ಮನಿ ಕರೆಂಟಿಗೆ ಕೊಡೋಣ. ಆಮ್ಯಾಲ ಚಿಂತೀನ ಇಲ್ಲ."

"ಇರಲಿ ಬಿಡಪಾ, ಅಷ್ಟ್ಯಾಕ ತ್ರಾಸು," ಎಂದ ನಿಜಗುಣಪ್ಪ.

"ನಿಮ್ಮ ಜೀವಾನ ಉಳಿಸೇನಿ, ಈ ಪಾಚಿ ಉಳಸಂಗಿಲ್ಲೇನ್ರಿ?"

ನಿಜಗುಣಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಬಿಟ್ಟ. ಲಗಮಣ್ಣ ಎರಡು ತುಂಡು ವಾಯರು ತಂದು, ಹಲ್ಲಿನಿಂದ ತುದಿ ಬಿಡಿಸಿ, ಯಂತ್ರಕ್ಕೆ ಸುತ್ತಿ ಗುಂಡಿ ಒತ್ತಿದ. ಠಪ್ಪೆಂದಿತು. ಯಂತ್ರದಿಂದ ಊದುಬತ್ತಿಯ ಹೊಗೆಯಂತೆ ಒಂದು ಎಳೆ ಎದ್ದಿತು. ಪಡಸಾಲೆಯ ಫ್ಯಾನು ನಿಂತಿತು, ಆಚೆ ಗಿರಣಿಯ ದೀಪವೂ ಹೋಯಿತು. ಟಬ್ಬಿನಲ್ಲಿ ಗುಳುಗುಳು ಅಡಗಿತು.

"ನಾ ಹೇಳಲಿಲ್ರಿ? ಬ್ಯಾಟರಿ ಬಾಳಂಗಿರಲಿಲ್ಲ," ಎಂದ ಲಗಮಣ್ಣ.

ನಿಜಗುಣಪ್ಪ ತೋಳೇರಿಸಿ ಟಬ್ಬಿಗೆ ಕೈ ಹಾಕಿ ತಿರುವತೊಡಗಿದ. ತುಸು ಹೊತ್ತಿನಲ್ಲೇ ಗಿರಣಿಯ ಬಾಗಿಲಲ್ಲಿ ಮಂದಿ ನೆರೆದು ಕೂಗತೊಡಗಿದರು. ಸಂಪಗಾಂವದಿಂದ ಮದುವೆಯ ಗೋದಿ ತಂದವರೂ ಅದರಲ್ಲಿದ್ದರು. ಅದೇ ಹೊತ್ತಿಗೆ ಕಾಡವ್ವ ಕೋಲೂರುತ್ತ ಬಂದಳು.

"ನೀ ಹೋಗೋ ತಮ್ಮಾ, ಗಿರಾಕಿ ನೋಡು. ಕೈಯಾಡಸೂದೇನ ದೊಡ್ಡದು? ಹುಗ್ಗಿ ತಿರವಿದ ಕೈ ಇದು."

ದಾರಿಯುದ್ದಕ್ಕೂ ಅಂಗಾಲು ತಿಕ್ಕಿದ ಕೈಯೂ ಅದೇ. ನಿಜಗುಣಪ್ಪ ಕೃತಜ್ಞತೆಯಿಂದ ಎದ್ದು ಜಾಗ ಬಿಟ್ಟುಕೊಟ್ಟು, ಲಗಮಣ್ಣನನ್ನು ಕರೆದುಕೊಂಡು ಫ್ಯೂಸು ಹಾಕಿಸಲು ಗಿರಣಿಗೆ ಹೋದ.

ಕಾಡವ್ವ ತುಸು ಹೊತ್ತು ತಿರುವಿದಳು. ಬೆರಳು ನೆಕ್ಕಿ ನೋಡಿದಳು. ಉಪ್ಪು. ಹಾಗಾದರೆ ಇದು ನಿಜವಾಗಿಯೂ ಸಮುದ್ರವೇ. ಹೊಳೆಯ ಗಂಗವ್ವನಿಗೆ ಪೂಜೆ ಮಾಡದೆ ಅವಳು ಎಂದೂ ಕೊಡ ಮುಳುಗಿಸಿದವಳಲ್ಲ. ಹೊಳೆಗಳೆಲ್ಲ ಹೋಗಿ ಸೇರುವ ದೊಡ್ಡ ಗಂಗವ್ವ ತಾನಾಗಿ ಓಣಿಗೆ ಬಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತಿರುವಾಗ ಸುಮ್ಮನೆ ಕೈಯಾಡಿಸುತ್ತ ಕೂರುವುದುಂಟೇ? ಅವಳು ಮನೆಗೆ ಹೋಗಿ ಬಂದಳು.

ನಿಜಗುಣಪ್ಪ ಗೋದಿ ಬೀಸಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ವಾಪಸು ಬಂದಾಗ ಟಬ್ಬಿನ ನೀರು ಲಗ್ನದ ಮನೆಯ ಅರಿಷಿಣದ ನೀರಿನಂತಾಗಿತ್ತು. ಮೇಲೆ ಕುಂಕುಮ ತೇಲುತ್ತಿತ್ತು. ನಾಲ್ಕು ಚೆಂಡು ಹೂವು ಸುತ್ತು ಹಾಕುತ್ತಿದ್ದವು. ಒಂದು ಬದಿಗೆ ಹಾಲು ಬಿಳಿ ಮೋಡವಾಗಿ ಇಳಿಯುತ್ತಿತ್ತು.

"ಹಾಲು ಎರದಿಯೇನಬೇ ಅಕ್ಕಾ?" ಎಂದ, ಗೋಡೆ ಹಿಡಿದುಕೊಂಡು.

"ಒಂದ ಬಟ್ಟಲ, ಅಷ್ಟ. ನಿನ್ನ ಸೊಸಿಗೆ ಒಳ್ಳೇದಾಗಲೆಂತ ಬೇಡಿಕೊಂಡೇನಿ," ಎಂದಳು ಕಾಡವ್ವ. ಅವಳ ಮುಖದಲ್ಲಿ ಅಷ್ಟು ನಿರ್ಮಲವಾದ ಪ್ರೀತಿ ಇತ್ತು. ನಿಜಗುಣಪ್ಪ ಬೈಗುಳವನ್ನು ನುಂಗಿ ಕೈ ಮುಗಿದ.

ನೀರು ಬದಲಿಸದೆ ಗತಿಯಿರಲಿಲ್ಲ. ಎಳೆಗಳನ್ನೆಲ್ಲ ಬಳಿದೆತ್ತಿ, ರೊಟ್ಟಿ ಹಿಟ್ಟು ನಾದುವ ಪರಾತಕ್ಕೆ ಹಾಕಿ, ಒದ್ದೆ ಪಂಚೆ ಮುಚ್ಚಿ ಅಡುಗೆಮನೆಯ ತಂಪಿನಲ್ಲಿಟ್ಟ. ಆಮೇಲೆ ಟಬ್ಬು ತೊಳೆದು ಹಿತ್ತಲಿಗೆ ಒಯ್ದು, ಲಗಮಣ್ಣನ ಜೊತೆ ಸಮುದ್ರ ತಯಾರಿಸಲು ನಿಂತ.

ಬಾವಿಯ ನೀರಿಗೆ ಉಪ್ಪು ಹಾಕಿದರೆ ಸಮುದ್ರ. ಅಲ್ಲಿಯವರೆಗೆ ಇಬ್ಬರಿಗೂ ಅನುಮಾನವಿರಲಿಲ್ಲ. ಎಷ್ಟು ಉಪ್ಪು ಎಂಬಲ್ಲಿ ತೊಡಕಾಯಿತು. ನಿಜಗುಣಪ್ಪ ಹುಟ್ಟಿದಂದಿನಿಂದ ಮಲಪ್ರಭೆಯ ಕಡೆಯ ಸಿಹಿನೀರು ಬಿಟ್ಟು ಬೇರೆ ನೀರು ಬಾಯಿಗೆ ಹಾಕಿದವನಲ್ಲ. ಮಗನ ಮನೆಗೆ ಕಾರವಾರಕ್ಕೆ ಹೋದಾಗಲೂ ದಂಡೆಯ ಮೇಲೆ ಚಪ್ಪಲಿ ಹಿಡಿದು ನಿಂತು ಬಂದಿದ್ದ. ಲಗಮಣ್ಣ ಮಾತ್ರ ಗೋಕರ್ಣಕ್ಕೆ ಹೋದಾಗ ಒಂದು ತೆರೆ ಬಂದು ಕೆಡವಿ, ಬಾಯಿ ಮೂಗುಗಳಲ್ಲಿ ನೀರು ನುಗ್ಗಿಸಿಕೊಂಡವ.

"ಆ ರುಚಿ ಇನ್ನೂ ನಾಲಗಿ ಮ್ಯಾಲ ಐತ್ರಿ ಅಣ್ಣಾರ. ನೀವು ಉಪ್ಪ ಹಾಕ್ಕೋತ ಹೋಗ್ರಿ, ಬಂದ ಕೂಡ್ಲೆ ಹೇಳತೇನಿ."

ನಿಜಗುಣಪ್ಪ ಒಂದು ಹಿಡಿ ಹಾಕಿ ಕಲಕಿದ. ಲಗಮಣ್ಣ ಒಂದು ಲೋಟ ಕುಡಿದ. "ಇದು ಬರೇ ಸಾರು. ಹಾಕ್ರಿ."

ಮತ್ತೊಂದು ಹಿಡಿ. "ಗೋಕರ್ಣ ಇನ್ನೂ ದೂರ ಐತಿ. ಹಾಕ್ರಿ."

ಮನೆಯ ಉಪ್ಪು ಮುಗಿಯಿತು. ಕಾಡವ್ವ ತನ್ನ ಮನೆಯ ಉಪ್ಪಿನ ಗಡಿಗೆ ತಂದಳು. ಅದೂ ಮುಗಿದ ಮೇಲೆ ಅವಳು ಮನೆಮನೆಯ ಬಾಗಿಲಲ್ಲಿ ನಿಂತು, "ನಿಜಗುಣಪ್ಪ ಸಮುದ್ರ ಮಾಡಾಕ ಹತ್ಯಾನ, ಒಂದೀಟ ಉಪ್ಪ ಕೊಡ್ರೆವಾ," ಎಂದು ಬೇಡಿ ಉಡಿ ತುಂಬಿಸಿಕೊಂಡು ಬಂದಳು. ಕೆಲವರು ಉಪ್ಪು ಕೊಟ್ಟದ್ದಲ್ಲದೆ ಸಮುದ್ರ ನೋಡಲು ತಾವೂ ಬಂದರು. ಲಗಮಣ್ಣ ಕುಡಿಯುತ್ತ ಹೋದ. ಅವನ ಕಣ್ಣು ಮೊದಲು ಕಿರಿದಾದವು, ಆಮೇಲೆ ಕೆಂಪಾದವು. ಕೊನೆಗೊಂದು ಗುಟುಕಿಗೆ ಅವನು ಬಾವಿಕಟ್ಟೆ ಹಿಡಿದು ಬಾಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮಲ್ಲಿಗೆಯ ಬಳ್ಳಿಯ ಬುಡಕ್ಕೆ ಕಕ್ಕಿದ.

"ಬಂತ್ರಿ," ಎಂದ, ಬಾಯಿ ಒರೆಸಿಕೊಂಡು. "ಗೋಕರ್ಣದಾಗೂ ಹಿಂಗ ಆಗಿತ್ತು. ಇದ ಸಮುದ್ರ."

ನೆರೆದವರೆಲ್ಲ ಸಮಾಧಾನದಿಂದ ತಲೆಯಾಡಿಸಿದರು. ನೀರು ತಿಳಿಯಾಗಲೆಂದು ಟಬ್ಬನ್ನು ನೆರಳಿನಲ್ಲಿ ಬಿಟ್ಟರು.

"ಕಾಕಾ, ಕೈಕಾಲ ತೊಳಕೊಂಡು ಬರ್ರಿ. ಲಗಮಣ್ಣ ಮಾಮಾ, ನೀವೂ ಬರ್ರಿ, ಹೊಟ್ಟಿ ಖಾಲಿ ಆಗೇತಿ ನಿಮ್ಮದು," ಎಂದು ಅಡುಗೆಮನೆಯ ಬಾಗಿಲಿನಿಂದ ಸತ್ಯವ್ವ ಕರೆದಳು. ನಿಜಗುಣಪ್ಪನ ಹೆಂಡತಿ ಕೆಂಚವ್ವ ಉಗರಗೋಳಕ್ಕೆ ಹೋಗುವಾಗ ಮಧ್ಯಾಹ್ನಕ್ಕೆ ಎರಡು ರೊಟ್ಟಿ ಬಡಿದುಕೊಡಲು ಅವಳಿಗೆ ಹೇಳಿ ಹೋಗಿದ್ದಳು. ಇವರೆಲ್ಲ ಹಿತ್ತಲಲ್ಲಿ ಸಮುದ್ರದ ಗದ್ದಲದಲ್ಲಿದ್ದಾಗ ಅವಳು ಮುಂಬಾಗಿಲಿನಿಂದ ಬಂದು ತನ್ನ ಕೆಲಸ ಮುಗಿಸಿದ್ದಳು.

ಬಿಸಿ ರೊಟ್ಟಿ, ಕೆನೆಮೊಸರು, ತಟ್ಟೆಯ ನಡುವೆ ಶೇಂಗಾ ಪುಡಿ ಉದುರಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪಲ್ಯ. ಬೆಳಗಿನಿಂದ ಕೈ ತಿರುವಿ ತಿರುವಿ ಹಸಿದಿದ್ದ ನಿಜಗುಣಪ್ಪ ಬಾಯ್ತುಂಬ ತಿಂದ. ನೂಲಿನಂತೆ ಮೆತ್ತಗೆ, ಹಲ್ಲಿಗೆ ತುಸು ಗರಿಗರಿ, ಎಲ್ಲಿಯೂ ತಿನ್ನದ ರುಚಿ.

"ಉಪ್ಪ ಮುಂದಾಗೇತೇನವಾ?" ಎಂದ ಲಗಮಣ್ಣ. ಮರುಕ್ಷಣವೇ, "ಏ, ನನ್ನ ನಾಲಗೀದ ಇವತ್ತ ಭರೋಸಾ ಇಲ್ಲ. ಹಾಕು ಇನ್ನೊಂದೀಟ," ಎಂದು ತಟ್ಟೆ ಮುಂದೆ ಮಾಡಿದ.

"ಬಾಳ ಚೊಲೊ ಆಗೇತಿ," ಎಂದ ನಿಜಗುಣಪ್ಪ. "ಯಾವ ಪಲ್ಯೇನವಾ ಇದು?"

"ನಿಮಗ ಗೊತ್ತಿರಬೇಕಲ್ರಿ ಕಾಕಾ. ಮಧು ಅಕ್ಕ ಏನೋ ತಂದಾಳಂತ ಓಣ್ಯಾಗ ಅಂದ್ರು, ಅದ. ಪರಾತದಾಗ ಒದ್ದಿ ಪಂಜೆ ಹೊಚ್ಚಿ ಇಟ್ಟಿದ್ರಲ್ಲ. ಬಾಡೀತಂತ ಮಾಡಿಬಿಟ್ಟೆ. ಮೂರ ಸಲ ಸಿಹಿನೀರಾಗ ತೊಳದೇನ್ರಿ, ಉಸುಕ ಇರತೈತೇನೋ ಅಂತ."

ನಿಜಗುಣಪ್ಪನ ಬಾಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ಉಗುಳಿದರೆ ಪ್ರಯೋಜನವಿಲ್ಲ, ನುಂಗಿದರೆ ಪಾಪ. ಅವನು ಎದ್ದು ಒಲೆಯ ಬಳಿ ಹೋಗಿ ಬುಟ್ಟಿ, ಪರಾತ, ಪಾತ್ರೆಗಳನ್ನೆಲ್ಲ ತಡಕಾಡಿದ. ಪರಾತದ ಅಂಚಿಗೆ ಒಂದೇ ಒಂದು ಎಳೆ, ಗೇಣಿನಷ್ಟು ಉದ್ದದ್ದು, ಅಂಟಿಕೊಂಡು ಉಳಿದಿತ್ತು. ಅದನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಓಡಿ, ಹೊಸ ಸಮುದ್ರದಲ್ಲಿ ಬಿಟ್ಟ. ಅಷ್ಟು ದೊಡ್ಡ ಟಬ್ಬಿನಲ್ಲಿ ಅದು ಕಳೆದುಹೋದ ದಾರದಂತೆ ಕಾಣುತ್ತಿತ್ತು.

ತಾನು ಬೇಯಿಸಿದ್ದು ಏನೆಂದು ಲಗಮಣ್ಣನ ಬಾಯಿಂದ ತಿಳಿದ ಸತ್ಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳನ್ನು ಬೈಯಲು ಅವನಿಂದಾಗಲಿಲ್ಲ. ಆ ಕೈ ಬಡಿದ ರೊಟ್ಟಿ ಒಂದು ತಿಂಗಳು ಅವನ ಮನೆಯನ್ನು ನಡೆಸಿತ್ತು. "ಅಳಬ್ಯಾಡವಾ. ಪರಾತದಾಗ ಇಟ್ಟಾವ ನಾನ," ಎಂದ.

ಲಗಮಣ್ಣ ಅವನ ಕಿವಿಯ ಹತ್ತಿರ ಬಂದ. "ಅಣ್ಣಾರ, ಎದಿಗೆ ಹಚ್ಕೋಬ್ಯಾಡ್ರಿ. ಹೊಳ್ಯಾಗ ಇಂಥದ್ದ ಪಾಚಿ ಬೇಕಾದಷ್ಟ ಐತಿ. ಹಿಂಗ ಹೋಗಿ ಹಂಗ ಒಂದ ಬುಟ್ಟಿ ತರತೇನಿ. ಬಣ್ಣ ಹಸರ ಇರತೈತಿ, ಕಾಡವ್ವಕ್ಕನ ಕುಂಕುಮ ಹಾಕಿದ್ರಾತು."

"ಬ್ಯಾಡ," ಎಂದ ನಿಜಗುಣಪ್ಪ.

ಒಂದು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಬೇಡ ಅದು. ಲಗಮಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಆಕಿ ಒಂದ ವರ್ಷದ ಬಿತ್ತಗಿ ನನ್ನ ಸಲುವಾಗಿ ಬಿಟ್ಟಾಳ. ಈ ವರ್ಷದ್ದ ನಾನ ತಿಂದೇನಿ. ಆಕಿ ಮುಂದ ಸುಳ್ಳ ಒಂದ ಹೇಳೂದು ಉಳದಿತ್ತೇನು?"

ಅವನು ಟಬ್ಬನ್ನು ಪಡಸಾಲೆಗೆ ತಂದು, ಪಕ್ಕದಲ್ಲಿ ನೆಲಕ್ಕೆ ಕೂತು, ಆ ಒಂದೇ ಎಳೆಗೆಂದು ನೀರು ತಿರುವುತ್ತ ಕಾದ. ಮೂವರು ನೆರೆಯವರೂ ಮನೆಗೆ ಹೋಗದೆ, ತಪ್ಪು ಮಾಡಿದ ಸಾಲಿ ಮಕ್ಕಳಂತೆ ಗೋಡೆಗೆ ಆತು ಕೂತರು.

ಮಧು ಬಂದಾಗ ನಿಜಗುಣಪ್ಪ ಏಳಲಿಲ್ಲ. ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದ. ಯಂತ್ರ ಸುಟ್ಟದ್ದು, ಅರಿಷಿಣ ಹಾಕಿದ್ದು, ಉಪ್ಪು ಬೇಡಿದ್ದು, ಕೊನೆಗೆ ಪಲ್ಯ. ಯಾರ ಹೆಸರನ್ನೂ ಅವನು ಹೇಳಲಿಲ್ಲ. ಎಲ್ಲದಕ್ಕೂ ತಾನೇ ಕಾರಣ ಎಂದ.

ಆದರೆ ಅಷ್ಟಕ್ಕೆ ಓಣಿ ಬಿಡಬೇಕಲ್ಲ. "ವಾಯರ ಹಚ್ಚಿದಾವ ನಾನ್ರಿ ತಂಗೇರ," ಎಂದ ಲಗಮಣ್ಣ. "ಹಾಲು ಎರದಾಕಿ ನಾನು," ಎಂದಳು ಕಾಡವ್ವ. "ಒಗ್ಗರಣಿ ನಂದು ಅಕ್ಕಾ," ಎಂದು ಸತ್ಯವ್ವ ಮತ್ತೆ ಅತ್ತಳು.

ಮಧು ಬ್ಯಾಗನ್ನು ಹೆಗಲಿನಿಂದ ಇಳಿಸಿ ಮಾವನ ಎದುರಿಗೆ ನೆಲದ ಮೇಲೆ ಕೂತಳು. ಆಮೇಲೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ನಿಜಗುಣಪ್ಪ ತಲೆ ತಗ್ಗಿಸಿದ. ತಲೆ ಎತ್ತಿ ನೋಡಿದರೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಮಾವಾರ, ಇದೊಂದ ಟಬ್ಬ ಅಲ್ರಿ. ಇನ್ನೂ ಮೂರ ಅದಾವ. ನನ್ನ ಹಿಂದಿಂದ ಬಂದ ರೈಲಿನ ಪಾರ್ಸಲ್‌ನ್ಯಾಗ ಬಂದಾವ. ಕಾರವಾರದ ಗಾಡಿ ಅವನ್ನ ತಗೊಂಡ ಬರಾಕ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗೇತಿ. ಪಾರ್ಸಲ್ಲಿನ್ಯಾಗ ಏನರ ಆದೀತಂತ ಒಂದನ್ನ ನಾ ಕೈಯಾಗ ತಂದಿದ್ನಿ, ಅಷ್ಟ. ಅವಸರದಾಗ ನಿಮಗ ಹೇಳೂದ ಮರತೆ. ನಂದ ತಪ್ಪು."

ನಿಜಗುಣಪ್ಪ ದೊಡ್ಡದೊಂದು ಉಸಿರು ಬಿಟ್ಟ. "ಮತ್ತ ಇದು, ಶಾಕಾಹಾರ ಹೌದಲ್ಲವಾ?" ಎಂದು ಮೆಲ್ಲಗೆ ಕೇಳಿದ. ಬೆಳಗ್ಗೆ ಅವಳು ಹೇಳಿದ್ದ ತತ್ತಿ, ಮೀನು ಎಂಬ ಮಾತನ್ನು ಅವನು ಮರೆತಿರಲಿಲ್ಲ.

"ಎಳಿ ಅಂತೂ ಶಾಕಾಹಾರನ್ರಿ ಮಾವಾರ. ಅದಕ್ಕ ಹತ್ತಿದ ಹುಳಾ ಹುಪ್ಪಡಿ ತೊಳದಿದ್ರ ಆತು."

ಎಲ್ಲರೂ ಸತ್ಯವ್ವನ ಕಡೆ ನೋಡಿದರು. "ಮೂರ ಸಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. ಬೆಳಗಿನಿಂದ ಆ ಮನೆಯಲ್ಲಿ ಆದ ಕೆಲಸಗಳಲ್ಲಿ ಅದೊಂದೇ ಸರಿಯಾದದ್ದು ಎಂದು ನಿಜಗುಣಪ್ಪನಿಗೆ ಅನಿಸಿತು.

ಮಧು ಬ್ಯಾಗಿನಿಂದ ಉಪ್ಪು ಅಳೆಯುವ, ದುರ್ಬೀನಿನ ಮರಿಯಂಥ ಒಂದು ಉಪಕರಣ ತೆಗೆದು, ಟಬ್ಬಿನ ನೀರು ಒಂದು ಹನಿ ಅದರ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಕಣ್ಣಿಟ್ಟಳು. ಮತ್ತೊಮ್ಮೆ ಒರೆಸಿ ನೋಡಿದಳು.

"ಇದು ಸಮುದ್ರ ಅಲ್ರಿ, ಉಪ್ಪಿನಕಾಯಿ ಹಾಕೂ ನೀರು. ಸಮುದ್ರದ ಹತ್ತಿರ ಹತ್ತಿರ ಎರಡರಷ್ಟ ಉಪ್ಪ ಐತಿ."

"ಹಂಗಾರ ಗೋಕರ್ಣ ದಾಟಿ ಮುಂದ ಹೋಗೇವಿ," ಎಂದ ಲಗಮಣ್ಣ.

ಮಧುವಿನ ನಗು ಮಾತ್ರ ನಿಂತಿತ್ತು. ಅವಳು ಬಾಗಿ ಆ ಒಂಟಿ ಎಳೆಯನ್ನು ಬೆರಳಿನ ಮೇಲೆ ಎತ್ತಿ ನೋಡುತ್ತಿದ್ದಳು. ಬಾಡಿರಲಿಲ್ಲ, ಬಿಳಿಚಿರಲಿಲ್ಲ. ಕೆಂಪು ಇನ್ನಷ್ಟು ಗಟ್ಟಿಯಾದಂತಿತ್ತು. "ಇದಕ್ಕ ಕರೆಂಟ ಹೊಡದಿತ್ತು ಅಂದ್ರಿ. ಅರಿಷಿಣ, ಕುಂಕುಮ, ಹಾಲು. ಆಮ್ಯಾಲ ಬಾವಿ ನೀರಾಗ ಮೂರ ಸಲ ತೊಳದದ್ದು. ಆಮ್ಯಾಲ ಈ ಉಪ್ಪಿನಕಾಯಿ ನೀರು," ಎಂದು ತನ್ನೊಳಗೇ ಅಂದುಕೊಂಡು, ಫೋನು ಹಿಡಿದು ಅಂಗಳಕ್ಕೆ ಹೋದಳು. ಬಹಳ ಹೊತ್ತು ಮಾತಾಡಿದಳು. ಒಳಗೆ ಕೂತವರಿಗೆ "ಹೌದ್ರಿ ಸರ್, ಇನ್ನೂ ಜೀವ ಐತಿ" ಎಂಬುದಷ್ಟೇ ಕೇಳಿಸಿತು.

ಒಳಬಂದವಳೇ ಅವಳು ಮಾವನ ಕಾಲಿಗೆ ನಮಸ್ಕಾರ ಮಾಡಿದಳು.

"ಬಾಳ ಉಪಕಾರ ಆತ್ರಿ ಮಾವಾರ. ಬ್ಯಾಸಗ್ಯಾಗ ನಮ್ಮಲ್ಲಿ ಹೊಳಿ ಸಮುದ್ರ ಕೂಡೂ ಅಳಿವ್ಯಾಗ ನೀರು ಬತ್ತಿ, ಕಾದು, ಉಪ್ಪ ಏರತೈತಿ. ಮಳಿಗಾಲದಾಗ ಹೊಳಿ ನೀರ ನುಗ್ಗಿ ಸಪ್ಪಗ ಆಗತೈತಿ. ಹಚ್ಚಿದ್ದೆಲ್ಲಾ ಸಾಯತೈತಿ. ಎರಡನ್ನೂ ತಡಕೊಳ್ಳೂ ಎಳಿ ಬೇಕಂತ ಇಷ್ಟ ವರ್ಷ ಹುಡಕಾಕತ್ತೇವಿ, ಸಿಕ್ಕಿದ್ದಿಲ್ಲ. ಸಾಯಬಾರದಂತ ನಾವು ಪ್ರಯೋಗಾಲಯದಾಗ ಅಂಜಿಕೋತ ಅಂಜಿಕೋತ ಬೆಳಸತೇವಿ. ಇಷ್ಟ ತ್ರಾಸ ಕೊಡೂ ಧೈರ್ಯ ನಮ್ಮಲ್ಲಿ ಯಾರಿಗೂ ಇದ್ದಿಲ್ರಿ."

ನಿಜಗುಣಪ್ಪನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಅವಳ ಮುಖದಲ್ಲಿದ್ದ ಬೆಳಕು ಪೂರ್ತಿ ತಿಳಿಯಿತು. ತಪ್ಪಿದ ಹಂಗಾಮು ಹೇಗೋ ಅವಳಿಗೆ ಮರಳಿ ಸಿಕ್ಕಂತಾಯಿತಲ್ಲ ಎಂದು ಅವನ ಎದೆ ಹಗುರಾಯಿತು. ಮನಸ್ಸಿನಲ್ಲೇ ಓಣಿಯ ಮೂವರಿಗೂ ಕೈ ಮುಗಿದ. ಇನ್ನು ಗಾಡಿ ಬಂದು ಟಬ್ಬು ಹೋದರೆ ಒಂದು ತಂಬಿಗೆ ಸಿಹಿನೀರು ಕುಡಿದು, ಕೈ ಒರೆಸಿಕೊಂಡು, ನಿಶ್ಚಿಂತೆಯಿಂದ ಮಲಗಬೇಕೆಂದುಕೊಂಡ.

ಗಾಡಿ ಬಂತು. ಹಿಂದಿನ ಬಾಗಿಲು ತೆರೆಯಿತು. ಮೂರು ನೀಲಿ ಟಬ್ಬುಗಳು ಸಾಲಾಗಿ ಕೂತಿದ್ದವು. ನಿಜಗುಣಪ್ಪ ತನ್ನ ಟಬ್ಬನ್ನು ಎತ್ತಲು ಬಾಗಿದ.

"ಅದನ್ನ ಮುಟ್ಟಬ್ಯಾಡ್ರಿ ಮಾವಾರ," ಎಂದಳು ಮಧು. "ಆ ಎಳಿ ಈಗ ಈ ನೀರಿಗೆ ಒಗ್ಗೇತಿ, ಕದಲಿಸಿದ್ರ ಸತ್ತೀತು. ಅದು ಬೆಳದು ಟಬ್ಬ ತುಂಬೂತನಕ ಇಲ್ಲೇ ಇರಬೇಕ್ರಿ." ಆಮೇಲೆ ಡ್ರೈವರ್ ಕಡೆ ತಿರುಗಿದಳು. "ಇನ್ನೊಂದ ಟಬ್ಬ ಇಲ್ಲೇ ಇಳಸಪಾ."

"ಇನ್ನೊಂದ್ಯಾಕವಾ?" ಎಂದ ನಿಜಗುಣಪ್ಪ. ಅವನ ದನಿ ಬಾವಿಯ ತಳದಿಂದ ಬಂದಂತಿತ್ತು.

"ನಮ್ಮ ಸರ್ ಹೇಳ್ಯಾರ್ರಿ. ಇವತ್ತ ಏನೇನ ಮಾಡೀರಲ್ಲ, ಅದನ್ನೆಲ್ಲಾ ಇದಕ್ಕೂ ಮಾಡ್ರಿ. ಹೆಚ್ಚ ಜ್ವಾಕಿ ಮಾಡಬ್ಯಾಡ್ರಿ. ಮಂದಿನ್ನ ತಡೀಬ್ಯಾಡ್ರಿ. ಸತ್ತದ್ದು ಸಾಯಲಿ. ಈ ಓಣ್ಯಾಗ ಬದಕಿ ಉಳದದ್ದು ಯಾವ ಸಮುದ್ರದಾಗರ ಬದಕತೈತ್ರಿ ಮಾವಾರ. ತಿಂಗಳಿಗೊಮ್ಮೆ ಬಂದು ಹೊಸಾ ಟಬ್ಬ ಕೊಟ್ಟ ಹೋಗತೇನಿ."

ನಿಜಗುಣಪ್ಪ ಬಾಯಿ ತೆರೆದ. ಮಧ್ಯಾಹ್ನ ಒಮ್ಮೆ ಬಂದಿದ್ದ ಶಬ್ದ ಈಗಲೂ ನಾಲಿಗೆಯ ತುದಿಯವರೆಗೆ ಬಂತು. ಎದುರಿಗೆ ಮಧು ಕೈ ಜೋಡಿಸಿ ನಿಂತಿದ್ದಳು. ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಮೊದಲು ಕಂಡದ್ದು ಇದೇ ಮುಖ.

"ಆತವ್ವಾ," ಎಂದ.

ಅಷ್ಟು ಸಾಕಿತ್ತು. ಕಾಡವ್ವ ಎರಡನೆಯ ಟಬ್ಬಿಗೆ ಅರಿಷಿಣ ತರಲು ಆಗಲೇ ಮನೆಯ ದಾರಿ ಹಿಡಿದಿದ್ದಳು. ಲಗಮಣ್ಣ ಇನ್ನೂ ದಪ್ಪನೆಯ ವಾಯರು ಹುಡುಕಿಕೊಂಡು ಬರುತ್ತೇನೆಂದು ಹೋದ. ಸತ್ಯವ್ವ ಹೊಸ ಟಬ್ಬಿನಲ್ಲಿ ಇಣುಕಿ, ಎಳೆಗಳನ್ನು ಬೆರಳಿನಿಂದ ಹಿಚುಕಿ ನೋಡಿ, "ಇದು ಅದಕ್ಕಿಂತ ಎಳೇದ ಐತ್ರಿ ಕಾಕಾ," ಎಂದಳು.

ಗಾಡಿ ಹೋದ ಮೇಲೆ ಉಗರಗೋಳದ ಬಸ್ಸಿನಿಂದ ಇಳಿದ ಕೆಂಚವ್ವ ಮನೆಗೆ ಬಂದಳು. ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ಪಡಸಾಲೆಯಲ್ಲಿ ಗಂಡ ಎರಡು ಟಬ್ಬುಗಳ ನಡುವೆ ಕೂತು, ಬಲಗೈ ಒಂದರಲ್ಲಿ, ಎಡಗೈ ಇನ್ನೊಂದರಲ್ಲಿ ಅದ್ದಿ ನಿಧಾನವಾಗಿ ತಿರುವುತ್ತಿದ್ದ.

"ಏನ ಮಾಡಾಕ ಹತ್ತೀರಿ?" ಎಂದಳು ಅವಳು, ಚೀಲ ಕೆಳಗಿಡದೆ.

"ಸೊಸಿ ಸಮುದ್ರ ಬಿಟ್ಟ ಹೋಗ್ಯಾಳ," ಎಂದ ನಿಜಗುಣಪ್ಪ. "ತೆರಿ ಏಳಸಾಕ ಹತ್ತೇನಿ. ನೀ ಒಂದೀಟ ಆ ಕಡೆ ಟಬ್ಬಿಗೆ ಕೈ ಹಾಕು, ನನ್ನ ಮೂಗ ಕಡ್ಯಾಕ ಹತ್ತೇತಿ, ಕೆರಕೊಳ್ಳಾಕ ಕೈ ಇಲ್ಲ."